ಮೈಸೂರಿನ ತೂಕದ ಯಂತ್ರ ಆಸ್ಟ್ರೇಲಿಯಾಕ್ಕೆ ಹೋದದ್ದು

ಪರ್ತ್: ಹಿಟ್ಟು ಹೋಯಿತು, ಯಂತ್ರ ಉಳಿಯಿತು

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸು ತೆರೆದ ಅಧಿಕಾರಿ ಮೊದಲು ರಾಗಿಹಿಟ್ಟಿನ ಚೀಲ ಎತ್ತಿದ, ಆಮೇಲೆ ತೂಕದ ಯಂತ್ರ ಎತ್ತಿದ, ಆಮೇಲೆ ನನ್ನ ಮುಖ ನೋಡಿದ. ನಾಲ್ಕಡಿ ಹತ್ತಿಂಚಿನ, ಅರವತ್ನಾಲ್ಕು ವರ್ಷದ ಹೆಂಗಸೊಬ್ಬಳು, ಮೇಲೆ ಹತ್ತಿ ನಿಲ್ಲುವ ಕಬ್ಬಿಣದ ಯಂತ್ರವನ್ನು ಸೀರೆಗಳ ನಡುವೆ ಮಗುವಿನ ಹಾಗೆ ಸುತ್ತಿಕೊಂಡು ಸಮುದ್ರ ದಾಟುವುದೇಕೆ ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ, ಕೇಳುವಷ್ಟು ಹೊತ್ತು ಅವನಲ್ಲಿರಲಿಲ್ಲ. ಓದುವವರಿಗಾದರೂ ಹೇಳಿಬಿಡುತ್ತೇನೆ.

ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಡ್ರಿಲ್ ಮಿಸ್ ಆಗಿದ್ದೆ. ಕಬಡ್ಡಿ ನನ್ನ ಆಟ, ಹುಡುಗಿಯಾಗಿದ್ದಾಗ ಜಿಲ್ಲಾ ಟೀಮಿನಲ್ಲಿ ಆಡಿದವಳು. ಶಾಲಾ ಕಬಡ್ಡಿಯಲ್ಲಿ ವಯಸ್ಸಿನ ಜೊತೆ ತೂಕಕ್ಕೂ ಮಿತಿ ಉಂಟು. ಪಂದ್ಯದ ಬೆಳಿಗ್ಗೆ ಹುಡುಗಿಯರೆಲ್ಲ ಸಾಲಾಗಿ ನಿಂತು ಯಂತ್ರ ಹತ್ತಿ ಇಳಿಯಬೇಕು. ಮಿತಿ ದಾಟಿದವಳು ಸೀದಾ ಮನೆಗೆ. ತೂಕ ಕಡಿಮೆಯಿದ್ದರೆ ಆಡಬಹುದು ಎನ್ನುತ್ತದೆ ನಿಯಮ. ಆದರೆ ನನ್ನ ನಿಯಮ ಬೇರೆ ಇತ್ತು. ಮಿತಿಯ ಅಂಚಿನಲ್ಲಿ ಕೂತ ಗಟ್ಟಿ ಹುಡುಗಿಯರೇ ನನಗೆ ಬೇಕು. ಕಡ್ಡಿಯಂಥವರು ಬಂದರೆ, “ಮೈ ಬರಿಸ್ಕೊಂಡು ಮುಂದಿನ್ ವರ್ಷ ಬಾ” ಎಂದು ಕಳಿಸಿಬಿಡುತ್ತಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಈಗ ಹಿಟ್ಟಿನ ಗಿರಣಿ ನಡೆಸುವ ಪುಟ್ಟತಾಯಿ ಅಂಥವಳೊಬ್ಬಳು. ಮೂರು ವರ್ಷ ಬಂದಳು, ಮೂರು ವರ್ಷವೂ ಅದೇ ಮಾತು ಕೇಳಿಕೊಂಡು ಹೋದಳು. ಸೂಟ್‌ಕೇಸಿನಲ್ಲಿದ್ದ ರಾಗಿಹಿಟ್ಟು ಅವಳ ಗಿರಣಿಯದೇ.

ಇನ್ನು ಯಂತ್ರದ ವಿಷಯ. ನನ್ನ ಅಕ್ಕನ ಮಗಳು ವಿದ್ಯಾ ಬ್ರಿಸ್ಬೇನಿನಲ್ಲಿದ್ದಾಳೆ. ಅವಳ ಮಗಳು ಈಶಾಳಿಗೆ ಹದಿನಾರು ವರ್ಷ. ಆ ಹುಡುಗಿ ಅಲ್ಲಿ ರಗ್ಬಿ ಲೀಗ್ ಆಡುತ್ತಾಳೆ. ಹದಿಮೂರು ಜನ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಎದುರಿನ ಹದಿಮೂರು ಜನರ ಮೈಮೇಲೆ ಓಡುವ ಆಟ. ವಿದ್ಯಾ ಫೋನು ಮಾಡಿ ಅತ್ತಿದ್ದಳು.

“ಚಿಕ್ಕಮ್ಮ, ಅವಳಿಗೆ ದೊಡ್ಡ ಕ್ಲಬ್ ಸೇರೋ ಹುಚ್ಚು. ಎರಡು ಸಲ ಚಿಕ್ಕೋಳು ಅಂತ ವಾಪಸ್ ಕಳಿಸಿದ್ದಾರೆ. ಆದ್ರೂ ಬಿಡ್ತಿಲ್ಲ. ನೀವು ಮೂವತ್ತು ವರ್ಷ ಮಕ್ಕಳನ್ನ ಸೆಲೆಕ್ಟ್ ಮಾಡಿದೋರು. ಈ ಸೈಜಲ್ಲಿ ಆಗಲ್ಲ ಅಂತ ನೀವೇ ಬಂದು ಹೇಳ್ಬಿಡಿ. ನಿಮ್ಮ ಮಾತಾದ್ರೆ ಕೇಳ್ತಾಳೆ.”

ಹೀಗೆ ನಾನು ವಿಮಾನ ಹತ್ತಿದ್ದು ಬೇಡ ಎನ್ನುವುದಕ್ಕೆ. ಬೇಡ ಎನ್ನಲು ಸಾಕ್ಷಿ ಬೇಕಲ್ಲ, ಅದಕ್ಕೆ ಯಂತ್ರ.

ಅಧಿಕಾರಿ ಹಿಟ್ಟನ್ನು ಒಳಗೆ ಬಿಡುವುದಿಲ್ಲ ಎಂದ. ಅವನ ಕಾಗದದಲ್ಲಿ ಎಷ್ಟು ಕೆಜಿ ಎಂದು ಬರೆಯಬೇಕಿತ್ತು. ನಾನು ಯಂತ್ರವನ್ನು ಮೇಜಿನ ಮೇಲಿಟ್ಟು ಚೀಲವನ್ನು ಅದರ ಮೇಲೆ ಕೂರಿಸಿದೆ. ಐದು ಕೆಜಿ. ಪುಟ್ಟತಾಯಿಯ ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ನನ್ನ ಯಂತ್ರದಲ್ಲಿ ತೂಗಿ, ನನ್ನ ಹಿಟ್ಟನ್ನು ಕಸದ ತೊಟ್ಟಿಗೆ ಹಾಕಿ, ನನಗೇ ಥ್ಯಾಂಕ್ಯೂ ಹೇಳಿದ.

ಕ್ಯಾನಿಂಗ್ ವೇಲ್‌ನಲ್ಲಿ ನನ್ನ ತಮ್ಮ ನಾಗೇಂದ್ರನ ಮನೆ. ಅಲ್ಲಿ ನಾಲ್ಕು ದಿನ ಇದ್ದೆ. ಆ ಬಡಾವಣೆಯಲ್ಲಿ ಮನುಷ್ಯರು ಇದ್ದಾರೆ ಎಂದು ಗೊತ್ತಾಗುವುದು ಕಾರು ಹೊರಗೆ ಬಂದಾಗ ಮಾತ್ರ. ಮೊದಲ ದಿನ ಹಾಲು ತರಲು ನಡೆದು ಹೊರಟೆ. ಇಬ್ಬರು ಕಾರು ನಿಲ್ಲಿಸಿ, ನಿಮ್ಮ ಕಾರು ಎಲ್ಲಿ ಕೆಟ್ಟು ನಿಂತಿದೆ ಎಂದು ಕೇಳಿದರು. ಮೂರನೆಯವಳು ಕೇಳಲೂ ಇಲ್ಲ, ಕೂರಿಸಿಕೊಂಡು ಮನೆಗೇ ತಂದುಬಿಟ್ಟಳು. ಹಾಲು ಬರಲಿಲ್ಲ.

“ಅಕ್ಕ, ಇಲ್ಲಿ ನಡೆಯೋರು ನಾಯಿ ಇರೋರು ಮಾತ್ರ,” ಎಂದ ನಾಗೇಂದ್ರ. “ನಾಳೆ ಪಕ್ಕದ ಮನೆ ನಾಯಿ ಕರ್ಕೊಂಡು ಹೋಗು, ಯಾರೂ ಏನೂ ಕೇಳಲ್ಲ.”

ಹಾಗೆಯೇ ಆಯಿತು. ನಾಯಿಯ ಯಜಮಾನ ಗ್ಯಾರಿ, ನಿವೃತ್ತ ಲಾರಿ ಚಾಲಕ, ಆರಡಿ ಮೂರಂಗುಲ. ಅವನ ಜಗಲಿಯಲ್ಲಿ ಮೊಟ್ಟೆಯಾಕಾರದ ಚೆಂಡು ಬಿದ್ದಿತ್ತು. ನಾಗೇಂದ್ರನಿಗೆ ಆಟಗಳ ತಲೆಬುಡ ಗೊತ್ತಿಲ್ಲ. ಈಶಾ ಆಡುವುದು ಇದನ್ನೇ ಇರಬೇಕು ಅಕ್ಕ ಎಂದುಬಿಟ್ಟ. ನಾನು ಟಿಪ್ಪಣಿ ಪುಸ್ತಕ ತೆಗೆದೆ. ಮೂರು ಸಂಜೆ ಗ್ಯಾರಿ ಪಾಠ ಹೇಳಿದ, ನಾಗೇಂದ್ರ ಕನ್ನಡಕ್ಕೆ ತಿರುಗಿಸಿದ. ಎತ್ತರಕ್ಕೆ ನೆಗೆಯಬೇಕು, ಎದುರಾಳಿಯ ಭುಜದ ಮೇಲೆ ಮೊಣಕಾಲಿಟ್ಟು ಆಕಾಶದಿಂದ ಚೆಂಡು ಕೀಳಬೇಕು, ಉದ್ದ ಇಲ್ಲದವರು ಈ ಆಟದ ಗೋಜಿಗೇ ಹೋಗಬಾರದು. ನಾನು ಎಲ್ಲವನ್ನೂ ಬರೆದುಕೊಂಡು ಕೊನೆಯ ಸಾಲಿಗೆ ಎರಡು ಗೆರೆ ಎಳೆದೆ. ಯಂತ್ರದ ಸಾಕ್ಷಿಗೆ ಗ್ಯಾರಿಯ ಸಾಕ್ಷಿಯೂ ಸೇರಿದ್ದು ಸಮಾಧಾನವಾಯಿತು.

ಬ್ರಿಸ್ಬೇನ್: ಕೆರೆಯ ದಂಡೆಯಲ್ಲಿ ಕಾಲು ಹಿಡಿದದ್ದು

ಫಾರೆಸ್ಟ್ ಲೇಕ್‌ನಲ್ಲಿ ವಿದ್ಯಾಳ ಮನೆ. ಹೆಸರಿನಲ್ಲಿರುವ ಕೆರೆಯನ್ನು ಮನೆ ಮಾರುವವರೇ ತೋಡಿಸಿದ್ದಂತೆ. ನಮ್ಮೂರಲ್ಲಿ ಇದ್ದ ಕೆರೆ ಮುಚ್ಚಿ ಮನೆ ಕಟ್ಟುತ್ತಾರೆ, ಇಲ್ಲಿ ಮನೆ ಕಟ್ಟಿ ಕೆರೆ ತೋಡುತ್ತಾರೆ. ದಂಡೆಯಲ್ಲಿ ಉದ್ದ ಕೊಕ್ಕಿನ ಬಿಳಿ ಹಕ್ಕಿಗಳು ಬುತ್ತಿ ಬಿಚ್ಚಿದವರ ಹಿಂದೆ ಸಾಲುಗಟ್ಟಿ ನಡೆಯುತ್ತವೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಗಾಂಭೀರ್ಯ ಅವುಗಳದ್ದು.

ಈಶಾ ಬಾಗಿಲಲ್ಲೇ ನಿಂತಿದ್ದಳು. ನಿಜಕ್ಕೂ ಚಿಕ್ಕ ಹುಡುಗಿ. ಮೊಣಕಾಲು ತುಂಬ ತರಚು ಗಾಯ, ಹುಬ್ಬಿನ ಮೇಲೊಂದು ಹೊಲಿಗೆ. ನನ್ನ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ನಾನು ಗ್ಯಾರಿಯ ಟಿಪ್ಪಣಿ ಓದಿ ಹೇಳಿದೆ. ಅವಳು ಕೊನೆಯವರೆಗೂ ಮರ್ಯಾದೆಯಿಂದ ಕೇಳಿದಳು.

“ಅಜ್ಜಿ,” ಎಂದಳು ಆಮೇಲೆ, “ದಟ್ಸ್ ಎ ಡಿಫರೆಂಟ್ ಗೇಮ್.”

ಚೆಂಡಿನ ಆಕಾರ ಒಂದೇ ಆದರೂ ಪರ್ತಿನವರ ಆಟ ಬೇರೆ, ಇವರದು ಬೇರೆಯಂತೆ. ಇವರದ್ದರಲ್ಲಿ ಆಕಾಶಕ್ಕೆ ನೆಗೆಯುವುದಕ್ಕಿಂತ ನೆಲಕ್ಕೆ ಬೀಳುವುದೇ ಹೆಚ್ಚು. ಆರು ಸಲ ಕೆಡವಿಸಿಕೊಳ್ಳುವವರೆಗೆ ಚೆಂಡು ನಿಮ್ಮದು, ಆಮೇಲೆ ಅವರದು. ಬಿದ್ದದ್ದನ್ನು ಎಣಿಸುತ್ತಾ ಆಡುವ ಆಟವನ್ನು ನಾನು ಅದೇ ಮೊದಲು ಕೇಳಿದ್ದು.

ಗ್ಯಾರಿಯ ಸಾಕ್ಷಿ ಬಿದ್ದುಹೋಯಿತು, ಇನ್ನು ಯಂತ್ರವೇ ಗತಿ. ಅಡುಗೆಮನೆಯ ನೆಲದ ಮೇಲಿಟ್ಟೆ. ಈಶಾ ಹತ್ತುವ ಮೊದಲು, ಒಂದ್ನಿಮಿಷ ಎಂದು ಕೈ ತೋರಿಸಿ, ಎರಡು ಬಾಳೆಹಣ್ಣನ್ನು ಗಬಗಬ ತಿಂದಳು. ಮೂರನೇ ವರ್ಷ ಪುಟ್ಟತಾಯಿಯೂ ಹೀಗೆಯೇ, ಸಾಲಿನಲ್ಲಿ ನಿಂತೇ ಬಾಳೆಹಣ್ಣು ತಿಂದಿದ್ದಳು. ಸಿಪ್ಪೆಯನ್ನು ಲಂಗದ ಜೇಬಿನಲ್ಲಿ ಬಚ್ಚಿಟ್ಟುಕೊಂಡದ್ದು ನೋಡಿ ನಾನು ಎಲ್ಲರೆದುರು ನಕ್ಕಿದ್ದೆ.

ಮುಳ್ಳು ನಲವತ್ತಾರಕ್ಕೆ ನಿಂತಿತು. ವಿದ್ಯಾ ಕುಕ್ಕರಿನ ಮರೆಯಿಂದ ನನಗೆ ಕಣ್ಸನ್ನೆ ಮಾಡಿದಳು, ಹೇಳಿ ಎಂದು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಈಶಾ, ನೀವು ಆಡುತ್ತಿದ್ದ ಆಟ ತೋರಿಸಿ ಎಂದು ಕೈ ಹಿಡಿದು ಎಳೆದಳು. ತೋರಿಸಿ ಬಂದು ಬೇಡ ಎಂದರೆ ಮಾತಿಗೆ ಇನ್ನಷ್ಟು ತೂಕ ಬರುತ್ತದೆಂದು ಹೊರಟೆ.

ಕೆರೆಯ ದಂಡೆಯ ಹುಲ್ಲಿನಲ್ಲಿ, ನನ್ನ ಪಕ್ಕದಿಂದ ಓಡಿ ಹೋಗು ಎಂದೆ. ಸೀರೆ ಎತ್ತಿ ಕಟ್ಟಿ ಮೂಲೆಯ ಆಟಗಾರ್ತಿ ನಿಲ್ಲುವ ಹಾಗೆ ಕುಕ್ಕರಗಾಲಿನಲ್ಲಿ ಕೂತೆ. ಅವಳು ಎಡಕ್ಕೆ ತೋರಿಸಿ ಬಲಕ್ಕೆ ನುಗ್ಗಿದಳು. ನಾನು ಮುಖ ನೋಡಲಿಲ್ಲ, ಪಾದ ನೋಡಿದೆ. ಮುಖ ಸುಳ್ಳು ಹೇಳುತ್ತದೆ, ಪಾದ ಹೇಳುವುದಿಲ್ಲ. ಹಿಮ್ಮಡಿಯ ಮೇಲೆ ಎರಡೂ ಕೈ ಬಿದ್ದವು, ಹುಡುಗಿ ದೊಪ್ಪನೆ ಬಿದ್ದಳು. ನಾಯಿ ಹಿಡಿದು ಬರುತ್ತಿದ್ದ ಮುದುಕನೊಬ್ಬ ಓಡಿ ಬಂದು, ಅಮ್ಮಾ, ನಿಮ್ಮ ಚೀಲ ಕದ್ದಳೇ ಎಂದು ಕೇಳಿದ.

ಈಶಾ ಹುಲ್ಲು ಉಗುಳುತ್ತಾ ಎದ್ದು ಕೂತಳು. ನೋವಾಯಿತೇನೋ ಎಂದುಕೊಂಡರೆ ಕಣ್ಣು ಹೊಳೆಯುತ್ತಿದ್ದವು.

“ಅಜ್ಜಿ, ಹೌ ಮಚ್ ಡು ಯೂ ವೇ?”

ಮನೆಗೆ ಬಂದು ನನ್ನನ್ನು ಯಂತ್ರ ಹತ್ತಿಸಿದಳು. ನಲವತ್ನಾಲ್ಕು. ಇಷ್ಟು ವರ್ಷ ಬೇರೆಯವರನ್ನು ಹತ್ತಿಸಿದ್ದೆನೇ ಹೊರತು ನಾನು ಹತ್ತಿದವಳಲ್ಲ. ಮತ್ತೆ ಜಿಲ್ಲಾ ಟೀಮಿಗೆ ನಿಮ್ಮನ್ನು ಹೇಗೆ ತೆಗೆದುಕೊಂಡರು ಎಂದು ಕೇಳಿದಳು. ಯಾರಿಗೂ ಹೇಳದ ಮಾತನ್ನು ಆ ಅಡುಗೆಮನೆಯಲ್ಲಿ ಹೇಳಬೇಕಾಯಿತು: ಆ ವರ್ಷ ತೂಕದ ಯಂತ್ರ ಕೆಟ್ಟಿತ್ತು. ಸೆಲೆಕ್ಟರು ಬೇಸತ್ತು, ಆಡಿಯೇ ತೋರಿಸಿ ಎಂದಿದ್ದರು. ಮುಂದೆ ನಾನು ಟೀಚರಾಗಿ ಸೇರಿದಾಗ ಮೊಟ್ಟಮೊದಲು ಮಾಡಿದ ಕೆಲಸ, ಒಂದು ಒಳ್ಳೆಯ ಯಂತ್ರ ಕೊಂಡದ್ದು.

ವಿದ್ಯಾ ಒಗ್ಗರಣೆ ಸೌಟು ಹಿಡಿದು ನಿಂತೇ ಇದ್ದಳು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಅಡಿಲೇಡಿನಿಂದ ವಿದ್ಯಾಳಿಗೆ ಪರಿಚಯದ ಲ್ಯಾನ್ಸಿಯವರ ಫೋನು ಬಂತು. ಅವರ ಮಗಳ ಟೀಮಿಗೆ ಒಬ್ಬಳು ಕಡಿಮೆ ಬಿದ್ದಿದ್ದಾಳೆ, ಎರಡು ವಾರ ಕಳೆದು ಪಂದ್ಯ, ಎದುರಾಳಿಗಳು ಬ್ರಿಸ್ಬೇನಿನಿಂದಲೇ ಬರುವ ದೊಡ್ಡ ಕ್ಲಬ್ಬಿನ ಹುಡುಗಿಯರು. ಈಶಾಳನ್ನು ಎರಡು ಸಲ ಬೇಡ ಎಂದ ಕ್ಲಬ್ಬು ಅದೇ. ಆಯ್ಕೆ ಮಾಡುವವಳೂ ಬರುತ್ತಾಳೆ. ಬ್ರಿಸ್ಬೇನಿನಲ್ಲಿ ಮುಂಬಾಗಿಲು ಮುಚ್ಚಿದವರ ಹಿಂಬಾಗಿಲು ಅಡಿಲೇಡಿನಲ್ಲಿ ತೆರೆಯಿತು.

“ಇದೇ ಕೊನೆ,” ಎಂದಳು ವಿದ್ಯಾ. “ಅಲ್ಲೂ ಬೇಡ ಅಂದ್ರೆ ಬೂಟು ಎತ್ತಿಡ್ಬೇಕು. ಮಾತು ಕೊಡು.”

“ಡೀಲ್,” ಎಂದು ಈಶಾ ಕೈ ಕುಲುಕಿದಳು.

ಮಾರನೆಯ ಬೆಳಿಗ್ಗೆಯಿಂದ ಕೆರೆಯ ದಂಡೆಯಲ್ಲಿ ಕಬಡ್ಡಿ. ಚೆಂಡು ಹಿಡಿದು ಬಾ, ನನ್ನನ್ನು ಮುಟ್ಟು, ಗೆರೆಗೆ ವಾಪಸ್ ಓಡು. ಆಮೇಲೆ ನಾನು ಬರುತ್ತೇನೆ, ನನ್ನ ಕಾಲು ಹಿಡಿ. ಇಂಡಿಯನ್ ಅಂಗಡಿಯ ಪ್ಯಾಕೆಟ್ ರಾಗಿಹಿಟ್ಟಿನಲ್ಲಿ ದಿನಾ ಎರಡು ಮುದ್ದೆ, ತುಪ್ಪ, ಬಾಳೆಹಣ್ಣು. ಹದಿನಾಲ್ಕು ದಿನ ತುಂಬಿದ ಮೇಲೆ ತೂಗಿದೆ. ನಲವತ್ತಾರು. ಅದೇ ಎರಡು ವಾರದಲ್ಲಿ ವಿದ್ಯಾ, ಮಗಳು ಉಳಿಸಿದ ಮುದ್ದೆ ತಿಂದು, ಎರಡೂವರೆ ಕೆಜಿ ಏರಿದ್ದಳು.

ಅಡಿಲೇಡ್: ಮೂರು ಲೀಟರ್ ನೀರು

ಬ್ಲೇರ್ ಅಥಾಲ್‌ನಲ್ಲಿ ಲ್ಯಾನ್ಸಿಯವರ ಮನೆ. ಮಂಗಳೂರಿನವರು, ಮಸ್ಕತ್ತಿನಲ್ಲಿ ಬಹಳ ವರ್ಷ ದುಡಿದು ಇಲ್ಲಿಗೆ ಬಂದವರು. ಮಗಳು ಆಡುತ್ತಾಳೆಂಬ ಒಂದೇ ಕಾರಣಕ್ಕೆ ಟೀಮಿನ ಮ್ಯಾನೇಜರ್ ಆಗಿದ್ದಾರೆ. ನನ್ನ ಸೂಟ್‌ಕೇಸು ಇಳಿಸುವಾಗ ಸೊಂಟ ಹಿಡಿದುಕೊಂಡರು.

“ಎಂತ ಟೀಚರೇ ಇದು, ಕಲ್ಲಾ?”

“ತೂಕದ ಮೆಷಿನ್ನು.”

“ಇಷ್ಟು ದೂರ ಅದನ್ನು ಹೊತ್ಕೊಂಡು ಬಂದದ್ದಾ ಮಾರಾಯ್ರೇ? ಇಲ್ಲಿ ಫಾರ್ಮಸಿಯಲ್ಲಿ ಸಿಗ್ತದಲ್ಲ.”

ನಾನು ನಕ್ಕುಬಿಟ್ಟೆ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿತ್ತು. ಪಂದ್ಯದ ಬೆಳಿಗ್ಗೆ ತೂಕ ಹಾಕುತ್ತಾರೆ. ನಲವತ್ತಾರು ಎಂದು ಕಂಡರೆ ಆ ಸೆಲೆಕ್ಟರು ಆಟ ನೋಡುವ ಮೊದಲೇ ಹೆಸರು ಹೊಡೆದುಹಾಕುತ್ತಾಳೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ತೂಕ ಹಾಕದ ಆಟವೂ ಉಂಟೇ ಎಂಬ ಸಂಶಯ ಕೂಡ ನನಗೆ ಬರಲಿಲ್ಲ.

ಮೂವತ್ತೊಂದು ವರ್ಷ ಯಾವ ಕಳ್ಳಾಟಗಳನ್ನು ಹಿಡಿದು ಹುಡುಗಿಯರ ಕಿವಿ ಹಿಂಡಿದ್ದೆನೋ ಅವೆಲ್ಲ ಬೆಳಿಗ್ಗೆ ಎದ್ದಾಗ ನೆನಪಿಗೆ ಬಂದವು. ಈಶಾಳಿಗೆ ಎರಡು ಮುದ್ದೆ ತಿನ್ನಿಸಿದೆ. ಒಳಗೆ ಎರಡು ಜೊತೆ ಒದ್ದೆ ಕಾಲುಚೀಲ ಹಾಕಿಸಿದೆ. ಕಾರಿನಲ್ಲಿ ಮೂರು ಲೀಟರ್ ನೀರು ಕುಡಿಸಿದೆ. ಅಜ್ಜಿ, ವೈ ಎಂದು ಎರಡು ಸಲ ಕೇಳಿದಳು. ಮಾತಾಡಬೇಡ, ಕುಡಿ ಎಂದೆ. ಕುಡಿದಳು. ಆ ಹುಡುಗಿ ನನ್ನನ್ನು ಅಷ್ಟು ನಂಬಿದ್ದಳು.

ಮೈದಾನದಲ್ಲಿ ಇಳಿದು ನಾನು ಸುತ್ತ ಹುಡುಕಿದೆ. ಕಾಫಿ ಗಾಡಿ ಇತ್ತು, ಸಾಸೇಜು ಸುಡುವ ಬಾಣಲೆ ಇತ್ತು, ಅಂಬುಲೆನ್ಸಿತ್ತು. ತೂಕದ ಯಂತ್ರ ಇರಲಿಲ್ಲ.

“ತೂಕ ಎಲ್ಲಿ ಹಾಕ್ತಾರೆ ಲ್ಯಾನ್ಸಿಯವರೇ?”

“ಯಾರಿಗೆ?”

“ಮಕ್ಕಳಿಗೆ.”

“ಇಲ್ಲಿ ಯಾರೂ ತೂಕ ಎಲ್ಲ ಹಾಕುದಿಲ್ಲ ಟೀಚರೇ. ಹೆಸರು ಹೇಳುದು, ಆಡುದು.”

ಎದುರಾಳಿ ಹುಡುಗಿಯರು ಬಸ್ಸಿನಿಂದ ಇಳಿದರು. ಒಬ್ಬೊಬ್ಬಳು ಇಳಿದಾಗಲೂ ಬಸ್ಸು ಒಂದಿಷ್ಟು ಮೇಲೇಳುತ್ತಿತ್ತು. ಅವರ ನಡುವೆ ಈಶಾ ನಡೆದುಹೋದಾಗ ಅವಳ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳಿಸಿತು.

ಚಿಕ್ಕವಳೆಂದು ಅವಳನ್ನು ಮೊದಲು ಬೆಂಚಿನಲ್ಲಿ ಕೂರಿಸಿದರು. ಅವಳು ಕೂರಲಿಲ್ಲ, ಶೌಚಾಲಯಕ್ಕೆ ಓಡಿದಳು. ಬಂದಳು, ಮತ್ತೆ ಓಡಿದಳು. ದ್ವಿತೀಯಾರ್ಧದಲ್ಲಿ ಕೋಚು ಅವಳ ಹೆಸರು ಕೂಗಿದಾಗ ಬೆಂಚು ಖಾಲಿ. ಇನ್ನೊಬ್ಬಳನ್ನು ಇಳಿಸಿದರು. ನಾನು ಶೌಚಾಲಯದ ಬಾಗಿಲು ಬಡಿಯುತ್ತಾ ನಿಂತೆ. ಒಳಗಿನಿಂದ ಅಳುವ ಸದ್ದು ಬಂತು. ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಪುಟ್ಟತಾಯಿಯನ್ನು ತೂಕ ಕಡಿಮೆ ಎಂದು ಕಳೆದುಕೊಂಡಿದ್ದೆ, ಇವಳನ್ನು ತೂಕ ಹೆಚ್ಚಿಸಲು ಹೋಗಿ ಕಳೆದುಕೊಳ್ಳುತ್ತಿದ್ದೆ.

“ತಪ್ಪು ನನ್ನದು ಕಂದಾ. ಇಲ್ಲಿ ತೂಕ ಹಾಕಲ್ವಂತೆ. ಆ ಒದ್ದೆ ಕಾಲುಚೀಲ ಬಿಚ್ಚಿ ಬಾ,” ಎಂದೆ.

ಇನ್ನು ಹತ್ತು ನಿಮಿಷ ಇರುವಾಗ ನಮ್ಮ ಕಡೆಯವಳೊಬ್ಬಳ ಕಾಲು ಉಳುಕಿ ಈಶಾ ಇಳಿದಳು. ಇಳಿಯುವುದಕ್ಕೂ, ಎದುರಿನ ಟೀಮಿನ ಅತಿ ದೊಡ್ಡ ಹುಡುಗಿ ಚೆಂಡು ಹಿಡಿದು ಅವಳತ್ತಲೇ ನುಗ್ಗುವುದಕ್ಕೂ ಸರಿಹೋಯಿತು. ಇಬ್ಬರನ್ನು ಆಗಲೇ ಎದೆಯಿಂದ ನೂಕಿ ಬಂದವಳು ಅವಳು. ವಿದ್ಯಾ ಸೆರಗಿಲ್ಲದ ಕಾರಣ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈಶಾ ಕುಕ್ಕರಗಾಲಿನಲ್ಲಿ ಕೂತಳು, ಮುಖ ನೋಡಲಿಲ್ಲ, ಪಾದ ನೋಡಿದಳು. ಮರುಕ್ಷಣ ಆ ದೊಡ್ಡ ಹುಡುಗಿ ನೆಲದ ಮೇಲೆ, ಈಶಾ ಅವಳ ಹಿಮ್ಮಡಿಯ ಮೇಲೆ. ಮತ್ತೆ ಬಂದಳು, ಮತ್ತೆ ಬಿದ್ದಳು. ಮೂರನೇ ಸಲ ಈಶಾಳನ್ನು ಬಿಟ್ಟು ಸುತ್ತು ಹೊಡೆದು ಹೋದಳು. ಮೈದಾನದಲ್ಲಿ ಎಲ್ಲರಿಗೂ ಅದು ಕಂಡಿತು.

ಕೊನೆಯ ನಿಮಿಷದಲ್ಲಿ ಚೆಂಡು ಈಶಾಳ ಕೈಗೇ ಬಂತು. ಒಬ್ಬಳ ಕಂಕುಳಡಿ ನುಸುಳಿದಳು, ಇನ್ನೊಬ್ಬಳ ಭುಜಕ್ಕೆ ಕೈ ಒತ್ತಿ ಪಾರಾದಳು. ಮುಂದೆ ಗೆರೆಯವರೆಗೆ ಬರೀ ಹುಲ್ಲು. ದಾಟಿದರೆ ಗೆಲುವು. ನಾನು ಬೇಲಿಯ ಮೇಲೆ ಹತ್ತಿದ್ದೆ. ಯಾವ ಗಳಿಗೆಯಲ್ಲಿ ನಾನು ಅಡಿಲೇಡಿನಿಂದ ಮೈಸೂರಿಗೆ ಹೋಗಿಬಿಟ್ಟೆನೋ ಗೊತ್ತಿಲ್ಲ.

“ಮುಟ್ಟಾಯ್ತು ಕಣೇ, ವಾಪಸ್ ಬಾ!” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಇಡೀ ಮೈದಾನದಲ್ಲಿ ಆ ಮಾತು ಅರ್ಥವಾದದ್ದು ನಾಲ್ಕು ಜನರಿಗೆ. ಅವರಲ್ಲಿ ಒಬ್ಬಳ ಕೈಯಲ್ಲಿ ಚೆಂಡಿತ್ತು. ಹದಿನಾಲ್ಕು ಬೆಳಿಗ್ಗೆಯ ಅಭ್ಯಾಸ. ಈಶಾ ಗಕ್ಕನೆ ನಿಂತಳು, ತಿರುಗಿದಳು, ತನ್ನ ಕಡೆಗೇ ಓಡತೊಡಗಿದಳು. ಅಟ್ಟಿಸಿಕೊಂಡು ಬರುತ್ತಿದ್ದ ಮೂವರಿಗೆ ಕುರಿ ತಾನಾಗಿ ಬಂದು ಬಾಗಿಲು ತಟ್ಟಿದ ಹಾಗಾಯಿತು. ಮೂವರೂ ಅವಳ ಮೇಲೆ ಬಿದ್ದರು, ಸೀಟಿ ಕೂಗಿತು, ನಮ್ಮವರು ಸೋತರು.

“ಎಂತ ಮಾಡಿದ್ರಿ ಟೀಚರೇ,” ಎಂದು ಲ್ಯಾನ್ಸಿ ಅಲ್ಲೇ ಕುಸಿದು ಕೂತರು.

ಬೇಡ ಎನ್ನಲು ಬಂದ ನಾನು ಬೇಡ ಎನ್ನದೆಯೇ ಕೆಲಸ ಮುಗಿಸಿದ್ದೆ. ನಾನು ಬೇಲಿಯಿಂದ ಇಳಿದು ಅತ್ತೆ. ಅರವತ್ನಾಲ್ಕು ವರ್ಷಕ್ಕೆ, ಸಾಸೇಜು ಸುಡುವವರ ಎದುರು ಅತ್ತೆ.

ಆಯ್ಕೆ ಮಾಡುವವಳು ನಮ್ಮ ಕಡೆಗೇ ಬಂದಳು. ಅಗಲ ಭುಜದ, ಬಿಳಿಗೂದಲಿನ ಹೆಂಗಸು. ಈಶಾ ಕೆಸರು ಮೆತ್ತಿಕೊಂಡು ನನ್ನ ಪಕ್ಕ ನಿಂತಿದ್ದಳು. ಎಷ್ಟು ಕೆಜಿ ಎಂದು ಕೇಳಿಯೇ ಕೇಳುತ್ತಾಳೆ, ಈಗಲಾದರೂ ಸತ್ಯ ಹೇಳಿಬಿಡೋಣ ಎಂದು ಯಾವುದಕ್ಕೂ ಇರಲೆಂದು ಬೆಳಿಗ್ಗೆ ಕಾರಿನಲ್ಲಿಟ್ಟಿದ್ದ ಯಂತ್ರ ತಂದು ಅವಳ ಕಾಲ ಬುಡದಲ್ಲಿಟ್ಟೆ. ಅವಳು ಯಂತ್ರ ನೋಡಿದಳು, ನನ್ನನ್ನು ನೋಡಿದಳು, ಅಳುತ್ತಿದ್ದ ಮುದುಕಿಯ ಮನಸ್ಸು ನೋಯಿಸಬಾರದೆಂದೋ ಏನೋ ಮೆಲ್ಲಗೆ ತಾನೇ ಹತ್ತಿ ನಿಂತಳು. ಹುಲ್ಲಿನ ಮೇಲೆ ವಾಲಿದ್ದ ಯಂತ್ರ ಆ ಗಜಗಾತ್ರದ ಹೆಂಗಸಿಗೆ ಮೂವತ್ತೊಂದು ಕೆಜಿ ತೋರಿಸಿತು. ಅವಳು ಬಗ್ಗಿ ಓದಿಕೊಂಡು, ತುಂಬ ಸಂತೋಷವಾಯಿತು ಎಂದಳು.

ಆಮೇಲೆ ಈಶಾಳ ಕಡೆ ತಿರುಗಿದಳು. ಆ ಕಾಲು ಹಿಡಿಯುವುದನ್ನು ಯಾರು ಕಲಿಸಿದರು ಎಂದು ಕೇಳಿದಳು. ಈಶಾ ನನ್ನನ್ನು ತೋರಿಸಿದಳು. ತಿರುಗಿ ಓಡುವುದನ್ನು ಯಾರು ಎಂದಳು. ಈಶಾ ಮತ್ತೆ ನನ್ನನ್ನೇ ತೋರಿಸಿದಳು.

ಅವಳು ಯಂತ್ರದಿಂದ ಇಳಿದು, ಕಾಲಿನಿಂದಲೇ ಅದನ್ನು ಪಕ್ಕಕ್ಕೆ ಸರಿಸಿದಳು. ಮಂಗಳವಾರ ಅಭ್ಯಾಸಕ್ಕೆ ಬಾ, ಆರು ವಾರ ನೋಡುತ್ತೇವೆ, ಯಾವ ಭರವಸೆಯೂ ಇಲ್ಲ ಎಂದಳು. ಅಜ್ಜಿ ಮನೆಯಲ್ಲೇ ಇರಲಿ ಎಂದೂ ಸೇರಿಸಿದಳು.

“ಅಮ್ಮ, ಡೀಲ್?” ಎಂದಳು ಈಶಾ.

ವಿದ್ಯಾ ಮಗಳ ಹುಬ್ಬಿನ ಹೊಲಿಗೆ ನೋಡಿದಳು. “ಮಂಗಳವಾರ ನಂಗೆ ಆಫೀಸಿದೆ,” ಎಂದಳು. “ರಜ ಹಾಕ್ಬೇಕು.”

ಯಂತ್ರವನ್ನು ಬ್ಲೇರ್ ಅಥಾಲ್‌ನಲ್ಲೇ ಬಿಟ್ಟು ಬಂದೆ. ಲ್ಯಾನ್ಸಿಯವರು ಅದರ ಮೇಲೆ ಕರಿಬೇವಿನ ಕುಂಡ ಇಟ್ಟಿದ್ದಾರೆ. ಗಿಡ ಎಷ್ಟು ಬೆಳೆಯಿತೆಂದು ಗೊತ್ತಾಗುತ್ತದಂತೆ.

ಮೈಸೂರು: ಗಿರಣಿಯ ಮುಂದೆ

ಬಂದ ಮರುದಿನವೇ ರಾಗಿ ಹೊತ್ತು ಗಿರಣಿಗೆ ಹೋದೆ. ಪುಟ್ಟತಾಯಿಗೆ ಈಗ ನಲವತ್ತೆರಡಿರಬಹುದು. ತಲೆ, ಹುಬ್ಬು, ತೋಳು ಎಲ್ಲ ಹಿಟ್ಟು. ನನ್ನ ಕೈಯಿಂದ ಚೀಲ ಇಸಿದುಕೊಂಡು ತಕ್ಕಡಿಯ ಮೇಲೆ ಇಟ್ಟಳು. ಇಷ್ಟು ವರ್ಷ ಪ್ರತಿ ತಿಂಗಳೂ ಅವಳು ನನ್ನ ಎದುರು ನಿಂತು ತೂಗುತ್ತಲೇ ಇದ್ದಳು.

“ಹಿಟ್ಟು ಸಾಕಾಯ್ತಾ ಮಿಸ್ ಅಲ್ಲಿಗೆ?”

ಸಾಕಾಯಿತು ಎಂದು ಸುಳ್ಳು ಹೇಳಬಹುದಿತ್ತು. ಕಸದ ತೊಟ್ಟಿಗೆ ಹೋದದ್ದನ್ನು ಹೇಳಿದೆ, ಈಶಾಳ ಕಥೆ ಹೇಳಿದೆ, ನಲವತ್ನಾಲ್ಕು ಕೆಜಿಯ ನನ್ನ ಕಥೆಯನ್ನೂ ಹೇಳಿದೆ. ಅವಳು ಮೋಟಾರು ಆರಿಸಿ ಕೇಳಿದಳು.

“ನಿನ್ನ ಅವತ್ತು ತಗೋಬೇಕಿತ್ತು ಕಣೇ, ಪುಟ್ಟತಾಯಿ,” ಎಂದೆ. “ಮೂರು ವರ್ಷವೂ ತಗೋಬೇಕಿತ್ತು. ನಂದೇ ತಪ್ಪು.”

ಅವಳು ಮುಖದ ಹಿಟ್ಟು ಒರೆಸಿಕೊಂಡಳು. ನನ್ನ ರಾಗಿಚೀಲವನ್ನು ಕೆಳಗಿಳಿಸಿದಳು. ಸೀರೆಯನ್ನು ಒಂದಿಷ್ಟು ಮೇಲೆತ್ತಿ, ಚಪ್ಪಲಿ ಬಿಟ್ಟು, ಶಾಲೆಯ ಸಾಲಿನಲ್ಲಿ ನಿಲ್ಲುತ್ತಿದ್ದಷ್ಟೇ ನೆಟ್ಟಗೆ ತಕ್ಕಡಿಯ ಮೇಲೆ ಹತ್ತಿ ನಿಂತಳು.

“ನೋಡಿ ಮಿಸ್,” ಎಂದಳು. “ಎಪ್ಪತ್ತೆರಡು ಕೆಜಿ ಇವ್ನಿ. ಈಗ ಬರ್ಲಾ?”